ಉಪ್ಪು ಹತ್ತಿದ ಶೆಡ್ ಗೋಡೆಗೆ ಯಾವ ಪ್ಯಾನಲ್ ಹಾಕಬೇಕು?

ಪ್ರಶ್ನೆ: ಸರ್, ನಮ್ಮದು ಸಿರುಗುಪ್ಪ. ಮನೆಗೆ ಅಂಟಿಕೊಂಡು 20×12 ಅಡಿ ಶೆಡ್ ಇದೆ. ಪೂರ್ವಕ್ಕೆ ಮನೆಯ ಇಟ್ಟಿಗೆ ಗೋಡೆ, ಪಶ್ಚಿಮಕ್ಕೆ ಹಾಲೋ ಬ್ಲಾಕ್ ಗೋಡೆ, ಮೇಲೆ ತಗಡು. ಬಾಗಿಲ ಹತ್ತಿರ ಬೈಕು ನಿಲ್ಲುತ್ತವೆ. ಉಳಿದ ಜಾಗದಲ್ಲಿ ನಾನು ಕಟ್ಟಿಗೆ ಕೆಲಸ ಮಾಡುತ್ತೇನೆ, ಆಗೊಮ್ಮೆ ಈಗೊಮ್ಮೆ ಸಣ್ಣ ವೆಲ್ಡಿಂಗ್ ಕೂಡ. ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಎರಡು ಅಡಿವರೆಗೆ ಬಿಳಿ ಪುಡಿ ಉದುರುತ್ತದೆ, ಎರಡು ಸಲ ಬಣ್ಣ ಹಚ್ಚಿಸಿದರೂ ಎದ್ದು ಬಂತು. ಆ ಗೋಡೆಯ ಆಚೆ ಬಚ್ಚಲ ನೀರು ಹರಿಯುವ ಚರಂಡಿ ಇದೆ. ಬೇಸಿಗೆಯಲ್ಲಂತೂ ಒಳಗೆ ನಿಲ್ಲೋಕೇ ಆಗಲ್ಲ. ನಾಲ್ಕೂ ಗೋಡೆಗೆ ಪ್ಯಾನಲ್ ಹಾಕಿಸಿ ಎಲ್ಲಾ ಮುಚ್ಚಿಬಿಡೋಣ ಅಂತ ಇದ್ದೇನೆ. ಬಡಿಗೇರರು ಪಿವಿಸಿ ಹಾಕಿ ಅಂತಾರೆ, ನಮ್ಮ ತಮ್ಮ ಜಿಪ್ಸಂ ಅಂತಾನೆ, ಅಂಗಡಿಯವರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚೆನ್ನಾಗಿದೆ ಎಂದರು, ನಾನು ಎರಡು ಶೀಟು ತಂದೂಬಿಟ್ಟೆ. ಮರೈನ್ ಪ್ಲೈ ಹಾಕಿದರೆ ಗೆದ್ದಲಿನ ಚಿಂತೆಯೇ ಇಲ್ಲ ಅಂತಲೂ ಕೇಳಿದೆ. ಯಾವುದು ಸರಿ? ಹಾಕಿದ ಮೇಲೆ ಏನು ಬಳಿಯಬೇಕು?

ಉತ್ತರ: ನೀವು ಕೇಳಿದ್ದು ಪ್ಯಾನಲ್ ಬಗ್ಗೆ. ಆದರೆ ಪತ್ರ ಓದಿದರೆ ನಿಮ್ಮನ್ನು ಕಾಡುತ್ತಿರುವುದು ಎರಡು ವಿಷಯ: ಉಪ್ಪು ಮತ್ತು ಬಿಸಿಲು. ಪ್ಯಾನಲ್ ಇವೆರಡನ್ನೂ ಸರಿ ಮಾಡುವುದಿಲ್ಲ. ಹಾಗಾಗಿ ಮೊದಲು ಹೇಳಿಬಿಡುತ್ತೇನೆ, ಆ ಪಶ್ಚಿಮದ ಗೋಡೆಗೆ ಸದ್ಯಕ್ಕೆ ಯಾವ ಪ್ಯಾನಲ್ಲೂ ಬೇಡ. ನಾಲ್ಕೂ ಗೋಡೆಗೆ ಹಾಕಿಸುವ ಅಗತ್ಯವೂ ನಿಮಗಿಲ್ಲ. ಒಂದು ಗೋಡೆಗೆ, ಅದೂ ನಾಲ್ಕು ಅಡಿ ಎತ್ತರದ ಪಟ್ಟಿ ಸಾಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಬಿಳಿ ಪುಡಿ. ನೆಲದ ನೀರು ಗೋಡೆಯೊಳಗಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೆ ಏರುತ್ತದೆ. ಏರುವಾಗ ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೇಲ್ಮೈಗೆ ಬಂದಾಗ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತಾ ಬಣ್ಣವನ್ನೂ ಪ್ಲಾಸ್ಟರನ್ನೂ ಒಳಗಿಂದ ಹೊರಕ್ಕೆ ದೂಡುತ್ತದೆ. ನಮ್ಮ ಕಡೆ ಇದು ಜಾಸ್ತಿ ಆಗಲು ಕಾರಣ ಇದೆ. ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ, ಸುತ್ತ ಭತ್ತದ ಗದ್ದೆ, ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದ ನೀರು ಮೇಲೆ ಬರುತ್ತದೆ, ಎಷ್ಟೋ ಕಡೆ ಭೂಮಿಯೇ ಸವಳು. ಅದರ ಮೇಲೆ ಒಣ ಹವೆ. ಗೋಡೆ ಬೇಗ ಬೇಗ ಆರಿದಷ್ಟೂ ಮೇಲ್ಮೈಯಲ್ಲಿ ಉಪ್ಪು ಬೇಗ ಬೇಗ ಸೇರುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಿರುವ ಊರುಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ನಿಮ್ಮ ಗೋಡೆಗೆ ಸಾಲದ್ದಕ್ಕೆ ಬಚ್ಚಲ ನೀರು ಬೇರೆ, ಅದರಲ್ಲಿ ಸೋಪು, ಉಪ್ಪು ಎಲ್ಲಾ ಇರುತ್ತದೆ.

ಇದರ ಮೇಲೆ ಎಣ್ಣೆ ಬಣ್ಣ, ಪುಟ್ಟಿ, ಟೈಲ್ಸ್, ಕಡಪ ಕಲ್ಲು, ಏನೇ ಅಂಟಿಸಿದರೂ ನೀರು ನಿಲ್ಲುವುದಿಲ್ಲ. ಎರಡು ಅಡಿಯಲ್ಲಿ ಆವಿಯಾಗಿ ಹೋಗುತ್ತಿದ್ದ ನೀರಿಗೆ ದಾರಿ ಮುಚ್ಚಿದರೆ ಅದು ಮೂರು ಅಡಿಗೆ ಹೋಗಿ ಅಲ್ಲಿ ಹೊರಬರುತ್ತದೆ. ನಿಮ್ಮ ಬಣ್ಣ ಎರಡು ಸಲ ಎದ್ದು ಬಂದಿದ್ದಕ್ಕೆ ಬಣ್ಣದ ಕಂಪನಿಯನ್ನು ಬೈಯಬೇಕಾಗಿಲ್ಲ. ಆ್ಯಸಿಡ್ ಹಾಕಿ ತೊಳೆಯಿರಿ ಅಂತ ಯಾರಾದರೂ ಹೇಳಿದರೆ ಅದನ್ನೂ ಮಾಡಬೇಡಿ. ಉಪ್ಪಿನ ಗೋಡೆಗೆ ಇನ್ನಷ್ಟು ನೀರು, ಇನ್ನೊಂದು ಬಗೆಯ ಉಪ್ಪು ಸೇರಿಸಿದ ಹಾಗೆ ಆಗುತ್ತದೆ.

ಮಾಡಬೇಕಾದ್ದು ಇಷ್ಟು. ಆಚೆಯ ಚರಂಡಿಗೆ ಪೈಪು ಹಾಕಿಸಿ, ಇಲ್ಲವೇ ಸಿಮೆಂಟು ಮಾಡಿಸಿ ನೀರು ಗೋಡೆ ಕಡೆ ಇಂಗದಂತೆ ಮಾಡಿ. ಹೊರಗಿನ ಮಣ್ಣು ಶೆಡ್ಡಿನ ನೆಲಕ್ಕಿಂತ ಎತ್ತರ ಇದ್ದರೆ ತಗ್ಗಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಡಿ. ಒಳಗಡೆ ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಹಾಳಾದ ಪ್ಲಾಸ್ಟರ್ ಕೆತ್ತಿಸಿ, ಪುಡಿಯನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಿ, ಹಾಗೇ ಬಿಡಿ. ಒಂದು ಇಂಚು ದಪ್ಪದ ಗೋಡೆ ಒಣಗಲು ಸುಮಾರು ಒಂದು ತಿಂಗಳು ಅನ್ನೋದು ಕಟ್ಟಡ ಕೆಲಸದವರ ಹಳೆಯ ಲೆಕ್ಕ, ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ಬರೀ ಸುಣ್ಣ. ಸುಣ್ಣದ ಮೂಲಕ ತೇವ ಹೊರಗೆ ಹೋಗುತ್ತದೆ. ಸ್ವಲ್ಪ ಉಪ್ಪು ಉಳಿದಿದ್ದರೂ ವರ್ಷಕ್ಕೊಮ್ಮೆ ಉಜ್ಜಿ ಮತ್ತೆ ಬಳಿದರಾಯಿತು. ಖರ್ಚೂ ಕಮ್ಮಿ.

ನಿಜವಾಗಿ ಒಣಗಿದೆಯಾ ಅಂತ ತಿಳಿಯಲು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಈ ಪರೀಕ್ಷೆಯನ್ನು ಕಾಲುವೆಯಲ್ಲಿ ನೀರಿರುವಾಗಲೇ ಮಾಡಿ. ಏಪ್ರಿಲ್‌ನಲ್ಲಿ ಎಲ್ಲಾ ಗೋಡೆಯೂ ಒಣಗಿಯೇ ಕಾಣುತ್ತದೆ.

ಈಗ ನಿಮಗೆ ಬಂದ ಸಲಹೆಗಳನ್ನು ನೋಡೋಣ. ಯಾರೂ ಸುಳ್ಳು ಹೇಳಿಲ್ಲ, ಒಬ್ಬೊಬ್ಬರೂ ಅರ್ಧ ಹೇಳಿದ್ದಾರೆ.

ಪಿವಿಸಿ ನೀರಿಗೆ ಹಾಳಾಗಲ್ಲ, ಗೆದ್ದಲು ಅದನ್ನು ತಿನ್ನಲ್ಲ, ಎರಡೂ ನಿಜ. ಆದರೆ ಪಿವಿಸಿಯ ಹಿಂದೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಮೇಲೆ ಹೋಗಿ ಪ್ಯಾನಲ್ ಹಿಡಿದಿರುವ ಮರದ ಪಟ್ಟಿ, ಅಂದರೆ ರೀಪರ್ ತಿನ್ನುತ್ತದೆ, ಬಾಗಿಲ ಚೌಕಟ್ಟು ತಿನ್ನುತ್ತದೆ, ನಿಮಗೆ ಕಾಣುವುದೇ ಇಲ್ಲ. ಇನ್ನೊಂದು, ಪಿವಿಸಿ ಬಿಸಿಗೆ ಹಿಗ್ಗುತ್ತದೆ. ಡಿಸೆಂಬರ್ ಬೆಳಗಿನ ಜಾವಕ್ಕೂ ಮೇ ಮಧ್ಯಾಹ್ನಕ್ಕೂ ಶೆಡ್ಡಿನೊಳಗೆ 35 ಡಿಗ್ರಿ ವ್ಯತ್ಯಾಸ ಹಿಡಿದರೆ 10 ಅಡಿಯ ಪಟ್ಟಿ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಆ ಜಾಗ ಬಿಡದೆ ಬಿಗಿಯಾಗಿ ಕೂರಿಸಿದರೆ ಉಬ್ಬುತ್ತದೆ. 80 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ, ಬಿಸಿಲಿಗೆ ಕಾದ ತಗಡು 60 ಡಿಗ್ರಿ ದಾಟುವುದು ನಮ್ಮಲ್ಲಿ ಮಾಮೂಲು. ನೀವು ವೆಲ್ಡಿಂಗ್ ಮಾಡದೇ ಇದ್ದಿದ್ದರೆ ಇದನ್ನೆಲ್ಲ ಹೇಗೋ ಸಂಭಾಳಿಸಬಹುದಿತ್ತು. ಕಿಡಿ ಬಿದ್ದರೆ ಪಿವಿಸಿ ಕರಗಿ ತೂತಾಗುತ್ತದೆ, ಹೊತ್ತಿಕೊಂಡರೆ ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಇರುತ್ತದೆ, ಗಂಟಲು ಶ್ವಾಸಕೋಶ ಸುಡುತ್ತದೆ. ಒಂದೇ ಬಾಗಿಲಿನ ಶೆಡ್ಡಿಗೆ, ಅದೂ ಬಾಗಿಲಲ್ಲೇ ಪೆಟ್ರೋಲ್ ತುಂಬಿದ ಬೈಕು ನಿಂತಿರುವಾಗ, ನಾನಂತೂ ಪಿವಿಸಿ ಹಾಕಲು ಒಪ್ಪುವುದಿಲ್ಲ.

ಜಿಪ್ಸಂ ಬೆಂಕಿಗೆ ಒಳ್ಳೆಯದು. ಅದರ ತೂಕದಲ್ಲಿ ಐದನೇ ಒಂದು ಭಾಗ ನೀರೇ ಇರುತ್ತದೆ, ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತಾ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ತೇವಕ್ಕೆ ಅದು ಮುದ್ದೆಯಾಗುತ್ತದೆ. ಕಟ್ಟಿಗೆ ತುಂಡು ಬಡಿದರೆ ಕುಳಿ, ಒಂದು ಸುತ್ತಿಗೆ ತೂಗುಹಾಕಲೂ ಮೊಳೆ ನಿಲ್ಲಲ್ಲ. ಮಲಗುವ ಕೋಣೆಗೆ ಸರಿ, ಕೆಲಸದ ಜಾಗಕ್ಕೆ ಬೇಡ.

ಎಂಡಿಎಫ್ ನುಣುಪಾಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ, ಅಂಗಡಿಯವರು ಅದನ್ನೇ ನೋಡಿ ಹೇಳಿರುತ್ತಾರೆ. ಆದರೆ ಅದರ ಅಂಚಿಗೆ ಒಮ್ಮೆ ನೀರು ತಾಗಿ ಊದಿದರೆ ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಬರುವುದಿಲ್ಲ. ಸ್ಕ್ರೂ ಬಿಚ್ಚಿ ಹಾಕಿ ಮಾಡಿದರೆ ತೂತು ಸಡಿಲವಾಗುತ್ತದೆ, ವರ್ಕ್‌ಶಾಪಿನ ಗೋಡೆಯಲ್ಲಿ ನಾವು ಮಾಡುವುದೇ ಆ ಕೆಲಸ ಅಲ್ವಾ. ಅದರ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ವಾಸನೆ ಶೆಕೆ ಹೆಚ್ಚಿದಷ್ಟೂ ಹೆಚ್ಚುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಕಣ್ಣು ಉರಿಯುವುದು ಇದರಿಂದಲೇ.

ಇನ್ನು ಮರೈನ್ ಪ್ಲೈ. ಐಎಸ್ (ಭಾರತೀಯ ಮಾನಕ) 710 ಮಾರ್ಕಿನ ಪ್ಲೈವುಡ್‌ನ ಅಂಟು 72 ಗಂಟೆ ನೀರಲ್ಲಿ ಕುದಿಸಿದರೂ ಬಿಡಬಾರದು, ಮರಕ್ಕೆ ಹುಳ ಹಿಡಿಯದ ಔಷಧಿಯನ್ನೂ ಹಾಕಿರಬೇಕು, ಅದು ನಿಯಮ. ಒಳ್ಳೆಯ ಮಾಲು. ಆದರೆ ನೀರಿನ ಜತೆಗೆ ಗೆದ್ದಲನ್ನೂ ಜನ್ಮಪೂರ್ತಿ ತಡೆಯುತ್ತದೆ ಅಂತ ನಂಬಿ ಉಪ್ಪುಗೋಡೆಗೆ ನೇರ ಬಡಿಯುವುದು ದುಡ್ಡು ಹಾಳು. ಒಣ ಗೋಡೆಗಾದರೆ ಅಷ್ಟು ದುಬಾರಿಯದೂ ಬೇಕಿಲ್ಲ. ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿಯುವ ನೀರು ತಾಳುವ) ದರ್ಜೆಯ 12 ಮಿ.ಮೀ. ಪ್ಲೈವುಡ್ ಸಾಕು. ಎಂಆರ್ (ತೇವ ಮಾತ್ರ ತಾಳುವ) ದರ್ಜೆ ಅಗ್ಗ, ಆದರೆ ಮೇಲೆ ತಗಡು ಇರುವ, ಮಳೆಗೆ ಒಂದು ಹನಿಯಾದರೂ ಸೋರುವ ಜಾಗಕ್ಕೆ ಬೇಡ.

ಕೊಳ್ಳುವಾಗ ಬರೀ ‘ಐಎಸ್‌ಐ’ ಅಂತ ಬರೆದದ್ದು ನೋಡಿ ತರಬೇಡಿ. ಶೀಟಿನ ಮೇಲೆ ಐಎಸ್ ಸಂಖ್ಯೆಯ ಜತೆ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ, ಅದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಶೀಟನ್ನು ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ, ಟೊಳ್ಳು ಶಬ್ದ ಬಂದರೆ ಒಳಗಿನ ಪದರದಲ್ಲಿ ಸಂದಿ ಇದೆ ಅಂತ. 12 ಮಿ.ಮೀ.ನ 8×4 ಶೀಟು ಸಾಮಾನ್ಯವಾಗಿ 20 ಕೆ.ಜಿ. ಮೇಲೆಯೇ ತೂಗುತ್ತದೆ. ಒಬ್ಬರೇ ಸಲೀಸಾಗಿ ಎತ್ತಿ ತಿರುಗಿಸುವಷ್ಟು ಹಗುರ ಇದ್ದರೆ ಬಿಟ್ಟುಬಿಡಿ.

ನನ್ನ ಸಲಹೆ ಹೀಗೆ. ನಿಮ್ಮ ಅದೃಷ್ಟಕ್ಕೆ ಪೂರ್ವದ ಗೋಡೆ ಮನೆಯದು. ಇಟ್ಟಿಗೆ, ಒಣಗಿದೆ, ಬಿಸಿಲೂ ಬೀಳಲ್ಲ. ಕೆಲಸದ ಮೇಜನ್ನು ಆ ಕಡೆ ತನ್ನಿ. ಪ್ಲೈವುಡ್ ಶೀಟುಗಳನ್ನು ಅಡ್ಡಲಾಗಿ, ನೆಲದಿಂದ ಎರಡೂವರೆ ಅಡಿಗೆ ಶುರುಮಾಡಿ ಆರೂವರೆ ಅಡಿಗೆ ಮುಗಿಯುವಂತೆ ಕೂರಿಸಿ. ಕೈಗೆ ಸಿಗುವ ಎತ್ತರ ಅದೇ. ಅದಕ್ಕಿಂತ ಕೆಳಗೆ ಮೇಜು ಬರುತ್ತದೆ, ಮೇಲೆ ಯಾರೂ ಕೈ ಹಾಕಲ್ಲ. 20 ಅಡಿಗೆ ಎರಡೂವರೆ ಶೀಟು ಬೇಕು, ಮೂರು ತಂದರೆ ಉಳಿದ ಅರ್ಧದಲ್ಲಿ ಗೂಡು, ಹಲಗೆ ಮಾಡಿಕೊಳ್ಳಬಹುದು. ನಾಲ್ಕೂ ಗೋಡೆಗೆ ತಳದಿಂದ ಹಾಕಿಸಲು ಇಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಪ್ಲೈ ನೆಲಕ್ಕೆ ತಾಗದೇ ಇರುವುದರಿಂದ ಗೆದ್ದಲು ಬರಬೇಕಾದರೆ ಬರಿ ಗೋಡೆ ಮೇಲೆ ಎರಡೂವರೆ ಅಡಿ ಮಣ್ಣಿನ ದಾರಿ ಕಟ್ಟಲೇಬೇಕು, ಅದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ನನಗೆ ಈ ವಿಧಾನದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಪ್ಲೈಯನ್ನು ಗೋಡೆಗೆ ಅಂಟಿಸಬೇಡಿ. ಎರಡು ಅಡಿಗೊಂದು ಜಿಐ ಚಾನಲ್ (ಸತು ಲೇಪಿಸಿದ ಕಬ್ಬಿಣದ ಪಟ್ಟಿ) ಅಥವಾ ರೀಪರ್ ನಿಲ್ಲಿಸಿ, ಪ್ಲೈ ಹಿಂದೆ ಒಂದು ಇಂಚಾದರೂ ಗಾಳಿ ಆಡಬೇಕು. ಮೇಲೂ ಕೆಳಗೂ ಆ ಸಂದಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಯಲು ಮರೆಯಬೇಡಿ. ಗದ್ದೆ ಪಕ್ಕದ ಊರು, ಇಲಿ ಚೇಳು ಸೇರಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಶೀಟು ಶೀಟಿನ ನಡುವೆ 3 ಮಿ.ಮೀ. ಬಿಡಿ, ಪುಟ್ಟಿ ತುಂಬಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಜತೆ ಗೋಡೆಯೂ ಕೂದಲೆಳೆಯಷ್ಟು ಕದಲುತ್ತದೆ. ಬಿಗಿಯಾಗಿ ತುಂಬಿದ ಸಂದಿ ಒಂದೇ ವರ್ಷದಲ್ಲಿ ಗೆರೆ ಬಿಡುತ್ತದೆ. ಮೊಳೆ ಬೇಡ, ಸ್ಕ್ರೂ ಹಾಕಿಸಿ. ಯಾವಾಗ ಬೇಕಾದರೂ ಬಿಚ್ಚಿ ಹಿಂದೆ ನೋಡುವಂತಿರಬೇಕು. ಕರೆಂಟಿನ ಪೈಪು ಪ್ಯಾನಲ್ ಮೇಲೆಯೇ ಕಾಣುವಂತೆ ಓಡಲಿ, ಒಳಗೆ ಹುದುಗಿಸಿದರೆ ಮುಂದೆ ಸ್ಕ್ರೂ ಹಾಕುವಾಗ ವೈರಿಗೆ ತಾಗುವ ಭಯ. ಆಚೆ ಕೋಣೆಯಲ್ಲಿ ಯಾರಾದರೂ ಮಲಗುವವರಿದ್ದರೆ ಚಾನಲ್ ಮತ್ತು ಗೋಡೆ ನಡುವೆ ರಬ್ಬರ್ ವಾಷರ್ ಹಾಕಿ, ಸುತ್ತಿಗೆ ಸದ್ದು ಸ್ವಲ್ಪ ಕಮ್ಮಿಯಾಗುತ್ತದೆ.

ಪಶ್ಚಿಮದ ಹಾಲೋ ಬ್ಲಾಕಿಗೆ ಭಾರ ಹಾಕಬೇಡಿ. ಬ್ಲಾಕಿನ ಖಾಲಿ ಭಾಗದಲ್ಲಿ ಪ್ಲಾಸ್ಟಿಕ್ ಪ್ಲಗ್ ಸುಮ್ನೆ ತಿರುಗುತ್ತದೆ, ಹಿಡಿಯಲ್ಲ. ಆ ಕಡೆ ಏನಾದರೂ ಇಡಲೇಬೇಕು ಅಂದರೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ರ‍್ಯಾಕ್, ಗೋಡೆಯಿಂದ ಒಂದು ಗೇಣು ದೂರ.

ವೆಲ್ಡಿಂಗ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕಿಡಿಗಳು 35 ಅಡಿ ದೂರ ಹೋಗಬಲ್ಲವು ಅನ್ನೋ ಲೆಕ್ಕದಲ್ಲಿ ಕಾರ್ಖಾನೆಗಳಲ್ಲಿ ಸುತ್ತಲಿನ ಸುಡುವ ವಸ್ತುಗಳನ್ನು ತೆಗೆಸುತ್ತಾರೆ. ನಿಮ್ಮ ಇಡೀ ಶೆಡ್ 20 ಅಡಿ, ಅದರಲ್ಲೇ ಮರದ ಹೊಟ್ಟು, ಅದರಲ್ಲೇ ಬೈಕು. ವೆಲ್ಡಿಂಗನ್ನು ಅಂಗಳಕ್ಕೆ ಒಯ್ಯಿರಿ. ಮಳೆಗಾಲದಲ್ಲಿ ಒಳಗೇ ಮಾಡಬೇಕು ಅಂದರೆ ಬೈಕು ಹೊರಗೆ, ಹೊಟ್ಟು ಗುಡಿಸಿ ಹೊರಗೆ, ಒಂದು ಮೂಲೆಯ ಎರಡೂ ಗೋಡೆಗೆ 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಅಥವಾ ಬರೀ ಸಿಮೆಂಟ್ ಪ್ಲಾಸ್ಟರ್ ಇರಲಿ, ಪಕ್ಕದಲ್ಲಿ ನೀರಿನ ಬಕೆಟು, ಒಣ ಉಸುಕು ಇರಲಿ. ಮುಗಿದ ಮೇಲೆ ಬಾಗಿಲು ಹಾಕಿ ಹೋಗಬೇಡಿ, ಒಂದು ತಾಸು ಆದಮೇಲೆ ಬಂದು ನೋಡಿ. ಹೊಟ್ಟಿನೊಳಗೆ ಬಿದ್ದ ಕಿಡಿ ಹೊಗೆಯೂ ಕಾಣದಂತೆ ಬಹಳ ಹೊತ್ತು ಒಳಗೊಳಗೇ ಇರುತ್ತದೆ. ಸಿಮೆಂಟ್ ಬೋರ್ಡ್ 8×4ರ ಶೀಟು 30 ಕೆ.ಜಿ. ಹತ್ತಿರ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಕೊಯ್ಯುವಾಗ ಸಿಲಿಕಾ ಧೂಳು ಬರುತ್ತದೆ, ಒಳ್ಳೆಯ ಮಾಸ್ಕ್ ಹಾಕಿ, ಹೊರಗೆ ಕೊಯ್ಯಿರಿ. ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದು ಅಂತ ಕೇಳಿ ತನ್ನಿ. ಹಳೆ ಮನೆಯ ಆಸ್ಬೆಸ್ಟಾಸ್ ಶೀಟು ಬಿದ್ದಿದ್ದರೆ ಅದನ್ನು ಕೊಯ್ದು ಗೋಡೆಗೆ ಹಾಕುವ ಯೋಚನೆ ಬೇಡವೇ ಬೇಡ, ಆ ಧೂಳು ಕ್ಯಾನ್ಸರ್ ತರುತ್ತದೆ.

ಗೆದ್ದಲಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ತುಂಬಾ ಇದೆ. ವಾಸನೆ ಇರುವಷ್ಟು ದಿನ ಹುಳ ದೂರ ಇರಬಹುದು. ಆಮೇಲೆ ಬರುತ್ತದೆ. ಅಷ್ಟರಲ್ಲಿ ಆ ಮರಕ್ಕೆ ಯಾವ ಬಣ್ಣವೂ ಹಿಡಿಯಲ್ಲ, ಕಿಡಿ ಬಿದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಅದರ ಬದಲು ನೆಲ ಮತ್ತು ಗೋಡೆ ಸೇರುವ ಕಡೆ ಅಡಿಗೊಂದು ತೂತು ಕೊರೆದು ಔಷಧಿ ಬಿಡುವ ಕೆಲಸವನ್ನು ಅದನ್ನೇ ಮಾಡುವವರಿಂದ ಒಮ್ಮೆ ಮಾಡಿಸಿ. ಪ್ಯಾನಲ್ ಹಾಕುವ ಮೊದಲೇ ಮಾಡಿಸಿ, ಆಮೇಲೆ ಕಷ್ಟ.

ಶೆಕೆ ಬಗ್ಗೆ. 12 ಮಿ.ಮೀ. ಪ್ಲೈ ಆಗಲಿ ಪಿವಿಸಿ ಆಗಲಿ ಗೋಡೆಗೆ ಹಾಕಿದರೆ ತಂಪಾಗುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ನಿಮ್ಮನ್ನು ಬೇಯಿಸುತ್ತಿರುವುದು ತಗಡು. ಮೊದಲು ತಗಡಿನ ಮೇಲೆ ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಕೋಟಿಂಗ್ ಹೊಡೆಸಿ, ಗೋಡೆಯ ತುದಿಯಲ್ಲಿ ಎದುರುಬದುರು ಗಾಳಿಕಿಂಡಿ ಬಿಡಿಸಿ, ಪಶ್ಚಿಮದ ಗೋಡೆಗೆ ಹೊರಗಿನಿಂದ ಹಸಿರು ಬಲೆ ಅಥವಾ ಚಪ್ಪರದ ನೆರಳು ಕೊಡಿ. ಇನ್ನೂ ಬೇಕು ಅನ್ನಿಸಿದರೆ ತಗಡಿನ ಕೆಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿಸಬಹುದು, ಅದು ಸುಡಲ್ಲ. ಥರ್ಮಾಕೋಲ್ ಅಗ್ಗ ಅಂತ ಹಾಕಿಸಬೇಡಿ, ಅದು ಸುಡುತ್ತದೆ.

ಇನ್ನು ಬಳಿಯುವುದು. ಪ್ಲೈ ಹಾಳಾಗುವುದು ಬಹುಪಾಲು ಅಂಚಿನಿಂದ. ಆದ್ದರಿಂದ ಗೋಡೆಗೆ ಏರಿಸುವ ಮೊದಲೇ ನೆಲದ ಮೇಲಿಟ್ಟು 120, ಆಮೇಲೆ 180 ನಂಬರಿನ ಪೇಪರಿನಲ್ಲಿ ಉಜ್ಜಿ, ನಾಲ್ಕೂ ಅಂಚಿಗೆ ಎರಡೆರಡು ಸಲ ವುಡ್ ಪ್ರೈಮರ್ ಕುಡಿಸಿ. ಹಿಂಬದಿಗೂ ಒಂದು ಕೈ ಹಚ್ಚಿ. ಮುಂದೆ ಮಾತ್ರ ಹಚ್ಚಿ ಹಿಂದೆ ಬಿಟ್ಟರೆ ಎರಡೂ ಕಡೆ ತೇವ ಹೀರುವುದು ಬೇರೆ ಬೇರೆಯಾಗಿ ಶೀಟು ಬಾಗುತ್ತದೆ. ಒಂದೇ ಕಡೆ ಸನ್ಮೈಕಾ ಅಂಟಿಸಿದರೂ ಇದೇ ತೊಂದರೆ. ಮುಂಭಾಗಕ್ಕೆ ಪ್ರೈಮರ್ ಮೇಲೆ ಎರಡು ಕೋಟು ಸ್ಯಾಟಿನ್ ಎನಾಮಲ್ ನನ್ನ ಆಯ್ಕೆ. ಒರೆಸಬಹುದು, ಹೊಳಪು ಕಣ್ಣಿಗೆ ಹೊಡೆಯಲ್ಲ. ಬಣ್ಣ ತಿಳಿಯಾಗಿರಲಿ, ಬೆಳಕು ಹರಡುತ್ತದೆ, ಕೈತಪ್ಪಿದ ಸ್ಕ್ರೂ ಕಾಣುತ್ತದೆ. ಸಂಡೂರು, ತೋರಣಗಲ್ಲು ಕಡೆಯವರು ಕೇಳಿದ್ದರೆ ಕೆಂಪು ಧೂಳಿಗೆ ಹೊಂದುವ ತಿಳಿ ಕಂದು ಹೇಳುತ್ತಿದ್ದೆ.

ಮರದ ಬಣ್ಣವೇ ಕಾಣಬೇಕು ಅಂದರೆ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ ಹಚ್ಚಬಹುದು, ತೆಳುವಾಗಿ, ಒರೆಸಿ ಒರೆಸಿ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಜತೆ ಸೇರಿ ಒಣಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತುತ್ತದೆ. 42 ಡಿಗ್ರಿಯ ಶೆಡ್ಡಿನಲ್ಲಿ ಅಪಾಯ ಇನ್ನೂ ಜಾಸ್ತಿ. ಬಟ್ಟೆಯನ್ನು ಹೊರಗೆ ಕಲ್ಲಿನ ಮೇಲೆ ಬಿಡಿಸಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಬಣ್ಣದ ಕೆಲಸ ಏಪ್ರಿಲ್, ಮೇನಲ್ಲಿ ಬೇಡ, ಬ್ರಷ್ ಎಳೆಯುವಷ್ಟರಲ್ಲೇ ಒಣಗಿ ಗೆರೆ ಉಳಿಯುತ್ತದೆ. ಆಷಾಢದ ಗಾಳಿಯಲ್ಲಿ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಹಾಗಾಗಿ ಈಗ ಚರಂಡಿ ಮತ್ತು ತಗಡಿನ ಕೆಲಸ ಹಿಡಿಯಿರಿ, ಪೂರ್ವದ ಗೋಡೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ತಂದಿಟ್ಟ ಎರಡು ಎಂಡಿಎಫ್ ಶೀಟು ಅಂಗಡಿಯವರು ವಾಪಸ್ ತಗೊಂಡರೆ ಕೊಟ್ಟುಬಿಡಿ. ಇಲ್ಲ ಅಂದರೆ ಎಸೆಯಬೇಕಾಗಿಲ್ಲ. ಕೆಲಸದ ಮೇಜಿನ ಮೇಲೆ ಅಂಟಿಲ್ಲದೆ ಸ್ಕ್ರೂ ಮಾತ್ರ ಹಾಕಿ ಹಾಸಿ, ಉಳಿ ಡ್ರಿಲ್ ತಾಗಿ ಸವೆದ ಮೇಲೆ ಮಗುಚಿ ಹಾಕಿ, ಆಮೇಲೆ ಎರಡನೆಯದು ತನ್ನಿ. ಅಲ್ಲಿಯವರೆಗೆ ಎರಡನೇ ಶೀಟನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಮನೆಯೊಳಗೆ ಸಮತಟ್ಟಾಗಿ ಮಲಗಿಸಿಡಿ.